ಹೃದಯಕ್ಕೆ ತೋಡಿದ ಕಾಲುವೆಗಳು

ನಾಸಿಕದ ಬಳಿ, ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿಯು ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣಕ್ಕೆ ಬಂದು ಜಾಯಕವಾಡಿ ಜಲಾಶಯದಲ್ಲಿ ತಂಗುವುದನ್ನು ಈ ಎರಡು ಊರುಗಳ ಕನ್ನಡಿಗರೆಲ್ಲ ಬಲ್ಲರು. ನದಿಯು ಮೂಲದಿಂದ ಹೊರಟು ಮುಂದಕ್ಕೆ ಸಾಗುತ್ತದೆ. ಜಲಾಶಯದ ಕಾಲುವೆಯ ರೀತಿ ಬೇರೆ. ಮೊದಲು ಕಾಲುವೆ ತೋಡಿ ಆಮೇಲೆ ತೂಬು ತೆರೆಯುತ್ತಾರೆ. ಹೃದಯವನ್ನು ಮುಕುಟದಂತೆ ಸುತ್ತಿ, ಅದರ ಸ್ನಾಯುವಿಗೆ ರಕ್ತವುಣಿಸುವ ಕರೋನರಿ ನಾಳಗಳು ನದಿಯ ಬಗೆಯವು, ಅಂದರೆ ಮಹಾಪಧಮನಿಯಿಂದ ಕವಲೊಡೆದು ಹೊರಟವು ಎಂದೇ ವಿದ್ವಾಂಸರು ಬಹುಕಾಲ ನಂಬಿದ್ದರು. ನಿಜವಾಗಿ ಅವು ಕಾಲುವೆಯ ಬಗೆಯವು.

ಗರ್ಭದಲ್ಲಿ ಸುಮಾರು 22ನೆಯ ದಿನಕ್ಕೆ ಮಿಡಿಯತೊಡಗುವ ಹೃದಯವು ತೆಳುಗೋಡೆಯ ಕೊಳವೆಯಷ್ಟೆ. ಅದಕ್ಕೆ ಸ್ವಂತ ನಾಳಗಳು ಬೇಡ. ಒಳಗೆ ಹರಿಯುವ ರಕ್ತದಿಂದ ಒಸರುವ ಆಮ್ಲಜನಕವೇ ಸಾಕು. ಗೋಡೆ ದಪ್ಪವಾದಂತೆ ಈ ಒಸರು ಹೊರಪದರವನ್ನು ಮುಟ್ಟದು. ಆಗ ಹೃದಯದ ಮೇಲೆ ಹರಡಿದ ಪೊರೆಯ ಅಡಿಯಲ್ಲಿ ಲೋಮನಾಳಗಳ ಬಲೆಯೊಂದು ಹೆಣೆದುಕೊಳ್ಳುತ್ತದೆ. 2010ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟಿ ರೆಡ್-ಹಾರ್ಸ್ ಮತ್ತು ಸಂಗಡಿಗರು ಇಲಿಯ ಭ್ರೂಣಗಳಲ್ಲಿ ಕಂಡದ್ದು ಸೋಜಿಗದ ಸಂಗತಿ: ಹೃದಯಕ್ಕೆ ರಕ್ತವನ್ನು ಮರಳಿ ತರುವ ಅಭಿಧಮನಿಯ ಕೋಶಗಳೇ ಮೊಳೆತು, ತಮ್ಮ ಹಳೆಯ ಗುಣ ಮರೆತು, ಅಪಧಮನಿಯ ಕೋಶಗಳಾಗಿ ಮಾರ್ಪಡುತ್ತವೆ! ಹೃದಯದ ಒಳಪೊರೆಗೂ ಇದರಲ್ಲಿ ಪಾಲುಂಟೆಂದು ಬಳಿಕ ತಿಳಿದುಬಂತು.

ಸುಮಾರು ಏಳನೆಯ ವಾರದ ಹೊತ್ತಿಗೆ ಹಲವು ಎಳೆನಾಳಗಳು ಮಹಾಪಧಮನಿಯ ಬುಡವನ್ನು ತೂರಿ ಒಳಹೊಗುತ್ತವೆ. ಸಾಮಾನ್ಯವಾಗಿ ಎರಡು ಮಾತ್ರ ಉಳಿಯುತ್ತವೆ.

ಕಾಲುವೆ ತಪ್ಪಾದ ತೂಬಿಗೆ ಕೂಡಿದರೆ? ಬಹು ವಿರಳವಾಗಿ, ಎಡ ನಾಳವು ನೆರೆಯ ಪುಪ್ಫುಸ ಅಪಧಮನಿಯನ್ನು ಸೇರಿಬಿಡುತ್ತದೆ. ಇಂಥ ಶಿಶುವಿನ ಲಕ್ಷಣಗಳನ್ನು 1933ರಲ್ಲಿ ಬ್ಲಾಂಡ್, ವೈಟ್, ಗಾರ್ಲಂಡ್ ಎಂಬ ವೈದ್ಯರು ವಿವರಿಸಿದರು. ಮೊದಲ ಕೆಲವು ವಾರ ಮಗು ಚೆನ್ನಾಗಿಯೇ ಇರುತ್ತದೆ. ಪುಪ್ಫುಸ ಅಪಧಮನಿಯ ಒತ್ತಡ ಇಳಿದಂತೆಲ್ಲ ಹೃದಯದ ಎಡಭಾಗ ಉಪವಾಸ ಬೀಳುತ್ತದೆ. ಹಾಲು ಕುಡಿಯುವಾಗ ಬೆವರು, ಏದುಸಿರು, ಬಿಳಿಚಿದ ಮೋರೆ, ನಡುವೆಯೇ ಮೊಲೆ ಬಿಟ್ಟು ಅಳು. ಹೊಟ್ಟೆನೋವಿರಬೇಕೆಂದು ಮನೆಯವರು ಬಜೆ ತೇಯುತ್ತ ಕೂರುವುದುಂಟು. ಅಜ್ಜಿಯಂದಿರ ಅನುಭವದ ಮೇಲೆ ನಮಗೆ ಗೌರವವಿದೆ. ಆದರೂ ಹಾಲು ಕುಡಿಯುವಾಗ ಬೆವರಿ ಏದುವ ಕೂಸನ್ನು ಅಂದೇ ಮಕ್ಕಳ ವೈದ್ಯರಿಗೆ ತೋರಿಸತಕ್ಕದ್ದು. ಬಾಣಂತಿ ಉಂಡದ್ದನ್ನು, ಓಡಾಡಿದ್ದನ್ನು ಹಳಿಯುವುದಂತೂ ಸಲ್ಲದು.

ಎಕೋ ಪರೀಕ್ಷೆಯಲ್ಲಿ ಈ ದೋಷ ಸಾಮಾನ್ಯವಾಗಿ ಗೋಚರಿಸುತ್ತದೆ. ಶಸ್ತ್ರವೈದ್ಯರು ಆ ನಾಳವನ್ನು ಬಿಡಿಸಿ ಮಹಾಪಧಮನಿಗೆ ಹೊಲಿಯುತ್ತಾರೆ. ಸಕಾಲದಲ್ಲಿ ಆದರೆ, ಸೊರಗಿದ ಸ್ನಾಯು ಮುಂದಿನ ತಿಂಗಳುಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ.