ದಮ್ಮಿಗಿಂತ ಪಂಪಿನ ಭಯವೇ ದೊಡ್ಡದೆ?

ಅಸ್ತಮಾಕ್ಕೆ ನಮ್ಮ ಕಡೆಯ ಹೆಸರು ದಮ್ಮು, ಇನ್‌ಹೇಲರ್‌ಗೆ ಪಂಪು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಯಾವುದೇ ಔಷಧಿ ಅಂಗಡಿಯ ಮುಂದೆ ಅರ್ಧ ತಾಸು ನಿಂತರೆ ಈ ಎರಡು ಶಬ್ದಗಳು ಕಿವಿಗೆ ಬೀಳದೆ ಇರುವುದಿಲ್ಲ. ಸೋಜಿಗವೆಂದರೆ, ದಮ್ಮಿನ ಬಗ್ಗೆ ಮಾತನಾಡುವಾಗ ಕಾಣದ ಭಯ ಪಂಪಿನ ಹೆಸರೆತ್ತಿದೊಡನೆ ಕಾಣಿಸಿಕೊಳ್ಳುತ್ತದೆ. ‘ಪಂಪ್ ಹಿಡದ್ರ ಸಾಯೂತನಕ ಬಿಡಂಗಿಲ್ಲಂತ್ರೀ ಸರ, ಸೂಜಿ ಮಾಡಿಸ್ಕೊಂಡ್ರ ಚಲೋ’ ಎಂಬ ಮಾತನ್ನು ನಾನು ಓದಿದವರಿಂದಲೂ ಓದದವರಿಂದಲೂ ಕೇಳಿದ್ದೇನೆ. ಉಸಿರು ಕಟ್ಟುವುದು ಸಹಜ, ಉಸಿರು ಬಿಡಿಸುವ ಔಷಧವೇ ಅಪಾಯಕಾರಿ ಎಂಬ ಈ ತರ್ಕ ಎಲ್ಲಿಂದ ಬಂತು?

ನಾನು ವೈದ್ಯನಲ್ಲ. ಎರಡು ದಶಕಗಳಿಂದ ಅಸ್ತಮಾ ಇರುವ, ಹನ್ನೆರಡು ವರ್ಷಗಳಿಂದ ಬೆಳಿಗ್ಗೆ ಮತ್ತು ರಾತ್ರಿ ಸ್ಟೀರಾಯ್ಡ್ ಇನ್‌ಹೇಲರ್ ಬಳಸುತ್ತಿರುವ ನಿವೃತ್ತ ಅಧ್ಯಾಪಕ. ಈ ಲೇಖನ ಯಾರಿಗೂ ಚಿಕಿತ್ಸೆ ಹೇಳುವುದಿಲ್ಲ. ವೈದ್ಯರು ಬರೆದುಕೊಟ್ಟ ಔಷಧವನ್ನು ನೆರೆಯವರ ಮಾತು ಕೇಳಿ ಕಪಾಟಿನಲ್ಲಿ ಬಚ್ಚಿಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಉಸಿರನ್ನು ಕಾಡುವ ಸಂಗತಿಗಳಿಗೆ ಬರವಿಲ್ಲ. ಸುಗ್ಗಿಯಲ್ಲಿ ಜೋಳ, ತೊಗರಿಯ ರಾಶಿ ಮಾಡುವಾಗ ಏಳುವ ಹೊಟ್ಟಿನ ಧೂಳು, ಕಬ್ಬು ಕಡಿದ ಮೇಲೆ ಹೊಲದಲ್ಲಿ ಸುಡುವ ರವದಿಯ ಹೊಗೆ, ರಸ್ತೆಯ ಇಕ್ಕೆಲದಲ್ಲಿ ಹೂ ಬಿಟ್ಟು ನಿಂತ ಕಾಂಗ್ರೆಸ್ ಕಸ. ಬಾದಾಮಿಯ ಬನಶಂಕರಿ ಜಾತ್ರೆ ಬರುವುದೇ ಚಳಿ ಬಲಿತ ಪುಷ್ಯ ಮಾಸದಲ್ಲಿ. ರಾತ್ರಿಯಿಡೀ ನಾಟಕ ನೋಡಿ ಬಂದವರಲ್ಲಿ ಎಷ್ಟೋ ಮಂದಿ ಮರುದಿನ ಗೊರಗೊರ ಎನ್ನುತ್ತಿರುತ್ತಾರೆ. ಬಾಗಲಕೋಟೆಯ ಹೋಳಿಯಂತೂ ನಾಡಿಗೇ ಹೆಸರಾದದ್ದು. ಕಾಮದಹನದ ಹೊಗೆ, ಅದರ ಬೆನ್ನಿಗೆ ದಿನಗಟ್ಟಲೆ ನಡೆಯುವ ಬಣ್ಣದಾಟ, ಎರಡೂ ದಮ್ಮಿನವರ ಎದೆಯನ್ನು ಪರೀಕ್ಷಿಸುತ್ತವೆ. ಹಬ್ಬ, ಸುಗ್ಗಿ, ಜಾತ್ರೆಗಳನ್ನು ಬಿಟ್ಟು ಬದುಕುವುದು ಯಾರಿಂದಲೂ ಆಗದು. ಆದ್ದರಿಂದಲೇ ಎದೆಯನ್ನು ಮೊದಲೇ ಸಜ್ಜುಗೊಳಿಸಿಕೊಳ್ಳುವ ಪ್ರಶ್ನೆ ಬರುತ್ತದೆ.

ಅಸ್ತಮಾ ಎಂದರೆ ಆಗಾಗ ಬಂದು ಹೋಗುವ ಉಬ್ಬಸ ಎಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಉಬ್ಬಸ ಬಂದು ಹೋಗುತ್ತದೆ, ರೋಗ ಅಲ್ಲಿಯೇ ಇರುತ್ತದೆ. ಶ್ವಾಸನಾಳಗಳ ಒಳಪದರ ಸದಾ ಉರಿಯೂತದಿಂದ ಬಾತುಕೊಂಡಿರುತ್ತದೆ. ಧೂಳೋ ಹೊಗೆಯೋ ನೆಗಡಿಯೋ ತಗುಲಿದಾಗ ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಕಫ ತುಂಬುತ್ತದೆ, ದಾರಿ ಇಕ್ಕಟ್ಟಾಗುತ್ತದೆ. ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಬರುವ ಸಾಲ್ಬುಟಮಾಲ್ ಪಂಪು ಈ ಸ್ನಾಯುಗಳನ್ನು ಸಡಿಲಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಹಾಯೆನಿಸುತ್ತದೆ, ನಾಲ್ಕಾರು ತಾಸುಗಳಲ್ಲಿ ಅದರ ಪ್ರಭಾವ ಮುಗಿಯುತ್ತದೆ. ಬಾವು ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ಇಳಿಸುವುದು ಬ್ಯುಡಿಸೊನೈಡ್, ಬೆಕ್ಲೊಮೆಥಸೋನ್, ಫ್ಲುಟಿಕಸೋನ್‌ಗಳಂತಹ ಸ್ಟೀರಾಯ್ಡ್‌ಗಳು. ಇವು ಸೇದಿದ ಕೂಡಲೇ ಚಮತ್ಕಾರ ತೋರುವುದಿಲ್ಲ. ದಿನಗಳು, ವಾರಗಳು ಕಳೆದಂತೆ ಕೆಲಸ ಮಾಡುತ್ತವೆ. ಮಳೆ ಬಿದ್ದು ಮಣ್ಣು ಕೊಚ್ಚಿಹೋಗುವಾಗ ಓಡಾಡುವುದು ಬೇರೆ, ಬೇಸಿಗೆಯಲ್ಲೇ ಹೊಲಕ್ಕೆ ಒಡ್ಡು ಹಾಕಿಡುವುದು ಬೇರೆ. ಸ್ಟೀರಾಯ್ಡ್ ಇನ್‌ಹೇಲರ್ ಎರಡನೆಯ ಬಗೆಯದು. ಸೇದಿದಾಗ ಏನೂ ಅನಿಸಲಿಲ್ಲ ಎಂಬ ಕಾರಣಕ್ಕೇ ಬಹಳ ಜನ ಅದನ್ನು ಕೈಬಿಡುತ್ತಾರೆ ಎಂಬುದು ಇದರ ದುರದೃಷ್ಟ.

‘ಸ್ಟೀರಾಯ್ಡ್’ ಎಂಬ ಶಬ್ದದ ಭಯ ನಿರಾಧಾರವಾದುದಲ್ಲ. ಅದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಹುನಗುಂದ ತಾಲ್ಲೂಕಿನ ಹಳ್ಳಿಯಲ್ಲಿ ಕಟ್ಟಿಗೆ, ಕುಳ್ಳಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಬದುಕು ಸವೆಸಿದ ನಮ್ಮವ್ವನಿಗೆ ದಮ್ಮು ಇತ್ತು. ಉಸಿರು ಹತ್ತಿದಾಗಲೆಲ್ಲ ಒಂದು ಸೂಜಿ, ಮೇಲೆ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಸಣ್ಣ ಬಿಳಿ ಗುಳಿಗೆ. ವರ್ಷಗಳು ಕಳೆದಂತೆ ಮುಖ ಬಾತಿತು, ಚರ್ಮ ತೆಳುವಾಯಿತು, ಮುಟ್ಟಿದಲ್ಲಿ ಕಂದುಗಟ್ಟತೊಡಗಿತು, ಸಕ್ಕರೆ ಕಾಯಿಲೆ ಬಂತು, ಕೊನೆಗೆ ಬೆನ್ನುಮೂಳೆ ಬಾಗಿತು. ಆ ಬಿಳಿ ಗುಳಿಗೆ ಸ್ಟೀರಾಯ್ಡ್ ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಪಂಪು ಬರೆದುಕೊಟ್ಟಾಗ ಮಾತ್ರ ‘ಅದ್ರಾಗ ಸ್ಟೀರಾಯ್ಡ್ ಐತಂತ, ಬ್ಯಾಡ’ ಎಂದು ಆಕೆಯೇ ನಿರಾಕರಿಸಿದಳು. ನುಂಗುವ ಸ್ಟೀರಾಯ್ಡ್ ತಾನು ಮಾಡಿದ ಹಾನಿಯ ಕೆಟ್ಟ ಹೆಸರನ್ನು ಸೇದುವ ಸ್ಟೀರಾಯ್ಡ್‌ಗೆ ದಾಟಿಸಿಬಿಟ್ಟಿತ್ತು.

ಇಲ್ಲಿ ಲೆಕ್ಕ ಮುಖ್ಯ. ಒಂದು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಗುಳಿಗೆಯಲ್ಲಿ 5000 ಮೈಕ್ರೊಗ್ರಾಂ ಔಷಧ ಇರುತ್ತದೆ. ಸಾಧಾರಣ ಅಸ್ತಮಾ ಇರುವ ವಯಸ್ಕರು ಇನ್‌ಹೇಲರ್ ಮೂಲಕ ದಿನವೊಂದಕ್ಕೆ ತೆಗೆದುಕೊಳ್ಳುವ ಬ್ಯುಡಿಸೊನೈಡ್ ಅನೇಕ ವೇಳೆ 200ರಿಂದ 400 ಮೈಕ್ರೊಗ್ರಾಂ. ಎರಡು ಔಷಧಗಳ ಶಕ್ತಿ ಒಂದೇ ಅಲ್ಲ, ತೂಕಕ್ಕೆ ತೂಕ ಹಿಡಿದರೆ ಬ್ಯುಡಿಸೊನೈಡ್ ಹೆಚ್ಚು ಪ್ರಬಲ ಎಂಬುದು ನಿಜ. ಆದರೆ ಗುಳಿಗೆ ಹೊಟ್ಟೆಯಿಂದ ರಕ್ತಕ್ಕೆ ಇಳಿದು ಇಡೀ ದೇಹವನ್ನು ಸುತ್ತುತ್ತದೆ. ಇನ್‌ಹೇಲರ್‌ನ ಔಷಧ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ, ನುಂಗಿದ ಅಂಶದ ಬಹುಭಾಗವನ್ನು ಯಕೃತ್ತು ನಿಷ್ಕ್ರಿಯಗೊಳಿಸುತ್ತದೆ. ಓಣಿಯ ಒಂದು ಮನೆಗೆ ನೀರು ಬೇಕೆಂದು ಊರಿಗೆಲ್ಲ ಕೆರೆ ಒಡೆದು ಬಿಡುವುದಕ್ಕೂ ಆ ಮನೆಗಷ್ಟೇ ಕೊಡ ಹೊತ್ತು ಒಯ್ಯುವುದಕ್ಕೂ ಇರುವ ಅಂತರ ಇದು.

ಹಾಗೆಂದು ಇನ್‌ಹೇಲರ್‌ಗೆ ಅಡ್ಡಪರಿಣಾಮವೇ ಇಲ್ಲವೆಂದರೆ ಅದು ಜಾಹೀರಾತಾದೀತು. ಬಾಯಲ್ಲಿ ಬಿಳಿಯ ಅಗ್ರ ಕಟ್ಟಬಹುದು, ದನಿ ಒಡೆಯಬಹುದು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಮೊದಲನೆಯದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಬಳಸುವವರಲ್ಲಿ ಮೂಳೆ, ಕಣ್ಣುಗಳ ಮೇಲೆ ನಿಗಾ ಬೇಕು. ಮಕ್ಕಳ ಎತ್ತರದ ಪ್ರಶ್ನೆಗೂ ಉತ್ತರವಿದೆ. ಬ್ಯುಡಿಸೊನೈಡನ್ನು ನಾಲ್ಕಾರು ವರ್ಷ ಬಳಸಿದ ಅಮೆರಿಕದ ಮಕ್ಕಳು ಬೆಳೆದು ದೊಡ್ಡವರಾದಾಗ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಎತ್ತರ ಇದ್ದರೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅರ್ಧ ಇಂಚಿಗೂ ಕಡಿಮೆ. ತಂದೆತಾಯಿಗಳು ಇದನ್ನು ತಿಳಿದಿರಬೇಕು. ಜೊತೆಗೇ ರಾತ್ರಿಯಿಡೀ ಎದ್ದು ಕೂರುವ, ಶಾಲೆ ತಪ್ಪಿಸುವ, ಮೇಲಿಂದ ಮೇಲೆ ಸ್ಟೀರಾಯ್ಡ್ ಗುಳಿಗೆ ನುಂಗುವ ಮಗುವಿನ ಬೆಳವಣಿಗೆಯನ್ನೂ ತಕ್ಕಡಿಯ ಇನ್ನೊಂದು ಬದಿಯಲ್ಲಿ ಇಡಬೇಕು.

ಆ ತಕ್ಕಡಿಯಲ್ಲಿ ಇರುವುದು ಕೇವಲ ನಿದ್ದೆಯಲ್ಲ, ಜೀವ. ಕೆನಡಾದ ರೋಗಿಗಳ ದಾಖಲೆಗಳನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, ವರ್ಷದಲ್ಲಿ ಬಳಸಿದ ಪ್ರತಿಯೊಂದು ಹೆಚ್ಚುವರಿ ಸ್ಟೀರಾಯ್ಡ್ ಇನ್‌ಹೇಲರ್‌ಗೆ ಅಸ್ತಮಾದಿಂದ ಸಾಯುವ ಪ್ರಮಾಣ ಶೇ 21ರಷ್ಟು ಇಳಿಯುವುದನ್ನು ತೋರಿಸಿತು. ಔಷಧ ನಿಲ್ಲಿಸಿದ ಮೊದಲ ಕೆಲವು ತಿಂಗಳಲ್ಲಿ ಸಾವಿನ ಸಂಭವ ಹೆಚ್ಚಿರುವುದನ್ನೂ ಅದು ದಾಖಲಿಸಿತು. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 13ರಷ್ಟು ಮಂದಿ ಭಾರತದಲ್ಲಿದ್ದರೆ, ಅಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಶೇ 40ಕ್ಕೂ ಹೆಚ್ಚು ಎಂಬುದು 2019ರ ಜಾಗತಿಕ ರೋಗಹೊರೆಯ ಅಂದಾಜು. ಅದೇ 2019ರಲ್ಲಿ ಅಸ್ತಮಾ ಕುರಿತ ಜಾಗತಿಕ ವೇದಿಕೆಯಾದ ‘ಜೀನಾ’ ತನ್ನ ದಶಕಗಳ ನಿಲುವನ್ನೇ ಬದಲಿಸಿತು. ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್‌ನಂತಹ ಔಷಧವೊಂದನ್ನೇ ಕೊಡುವುದು ಸುರಕ್ಷಿತವಲ್ಲ, ಸೌಮ್ಯ ಅಸ್ತಮಾ ಇದ್ದರೂ ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಇರಲೇಬೇಕು ಎಂದಿತು. ನಮ್ಮೂರಲ್ಲಿ ಇಂದಿಗೂ ನೀಲಿ ಪಂಪು ‘ಸಾದಾ’, ಸ್ಟೀರಾಯ್ಡ್ ಪಂಪು ‘ಜೋರಿನದು’. ತಿಳಿವಳಿಕೆ ತಲೆಕೆಳಗಾಗಿ ನಿಂತಿದೆ.

ಪಂಪು ಚಟವಾಗುತ್ತದೆ ಎಂಬ ಮಾತನ್ನೂ ನೋಡೋಣ. ರಕ್ತದೊತ್ತಡದ ಗುಳಿಗೆ ಬಿಟ್ಟರೆ ಒತ್ತಡ ಏರುತ್ತದೆ. ಅದನ್ನು ಯಾರೂ ಚಟ ಎನ್ನುವುದಿಲ್ಲ. ಇನ್‌ಹೇಲರ್ ಬಿಟ್ಟಾಗ ಉಬ್ಬಸ ಮರಳುವುದು ರೋಗ ಇನ್ನೂ ಇದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಔಷಧದ ಗುಲಾಮಗಿರಿಗಲ್ಲ. ತಿಂಗಳುಗಟ್ಟಲೆ ಹತೋಟಿಯಲ್ಲಿದ್ದರೆ ವೈದ್ಯರೇ ಪ್ರಮಾಣ ಇಳಿಸುತ್ತಾರೆ. ನನ್ನದನ್ನೂ ಇಳಿಸಿದ್ದಾರೆ. ಈಗ ಮೇಣಬಸದಿಯ ಮೆಟ್ಟಿಲುಗಳನ್ನು ಮೂರನೆಯ ಗುಹೆಯವರೆಗೆ ನಡುವೆ ಕೂರದೆ ಹತ್ತುತ್ತೇನೆ. ನನ್ನ ಮಟ್ಟಿಗೆ ಅದೊಂದು ಖರ್ಚಿಲ್ಲದ ಶ್ವಾಸಪರೀಕ್ಷೆ.

ಮೃಗಶಿರಾ ಮಳೆ ಕೂಡುವ ಹೊತ್ತಿಗೆ ನಮ್ಮ ಭಾಗದಿಂದ ಜನ ಹೈದರಾಬಾದಿನ ಮೀನಿನ ಔಷಧಕ್ಕೆ, ಕೊಪ್ಪಳದ ಕುಟುಗನಹಳ್ಳಿಯ ಔಷಧಕ್ಕೆ ಹೋಗುತ್ತಾರೆ. ಆ ನಂಬಿಕೆಯನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಉಸಿರಿಗಾಗಿ ಒದ್ದಾಡಿದವನು ಎಲ್ಲ ಬಾಗಿಲನ್ನೂ ತಟ್ಟುತ್ತಾನೆ. ಆದರೆ ಉರಿಯೂತ ವರ್ಷದ 365 ದಿನವೂ ಇರುತ್ತದೆ. ವರ್ಷಕ್ಕೊಮ್ಮೆಯ ಔಷಧವನ್ನು ನೆಚ್ಚಿ ನಿತ್ಯದ ಔಷಧ ಬಿಡುವುದು ಅಪಾಯ. ಹೆಸರು, ವಿವರ ಏನೂ ಇಲ್ಲದ ಪುಡಿ, ಗುಳಿಗೆಗಳು ಇನ್ನೂ ದೊಡ್ಡ ಅಪಾಯ. ಇಂಥ ‘ನಾಟಿ’ ಔಷಧಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಪಂಪಿನ ಸ್ಟೀರಾಯ್ಡ್‌ಗೆ ಹೆದರಿ ಓಡಿದವನು ಪುಡಿಯ ಸ್ಟೀರಾಯ್ಡ್‌ನ ಬಾಯಿಗೆ ಬೀಳುತ್ತಾನೆ, ಅದೂ ತನಗೆ ತಿಳಿಯದಂತೆ.

ಇನ್ನೊಂದು ಎಚ್ಚರವೂ ಬೇಕು: ದಮ್ಮೆಲ್ಲ ಅಸ್ತಮಾ ಅಲ್ಲ. ಇಳಕಲ್, ಹುನಗುಂದದ ಕೆಂಪು ಗ್ರಾನೈಟ್ ದೇಶವಿದೇಶಗಳ ಕಟ್ಟಡಗಳಲ್ಲಿ ಮಿರುಗುತ್ತದೆ. ಅದನ್ನು ಕೊರೆದು, ಕತ್ತರಿಸಿ, ಹೊಳಪು ಕೊಡುವವರ ಎದೆಗೆ ಸಿಲಿಕಾ ಧೂಳು ಇಳಿಯುವ ಅಪಾಯವಿದೆ. ಅದರಿಂದಾಗುವ ಸಿಲಿಕೋಸಿಸ್ ಅನ್ನು ಯಾವ ಇನ್‌ಹೇಲರ್ ಕೂಡ ವಾಸಿ ಮಾಡದು. ಅಲ್ಲಿ ಬೇಕಾದದ್ದು ಕೊರೆಯುವಾಗ ನೀರು ಹಾಯಿಸುವ ವ್ಯವಸ್ಥೆ, ಸರಿಯಾದ ಮುಖಗವಸು, ಕಾರ್ಮಿಕರ ಎದೆಯ ನಿಯಮಿತ ತಪಾಸಣೆ. ಹತ್ತಿ ಜಿನ್ನಿಂಗ್‌ನಲ್ಲಿ ದುಡಿಯುವವರ, ದಶಕಗಟ್ಟಲೆ ಒಲೆ ಊದಿದ ಹೆಂಗಸರ, ಬೀಡಿ ಸೇದುವವರ ಏದುಸಿರಿಗೂ ಬೇರೆ ಬೇರೆ ಕಾರಣಗಳಿರಬಹುದು. ಕ್ಷಯವೂ ಇರಬಹುದು. ಒಂದು ಕೊಳವೆಗೆ ಊದಿಸಿ ಮಾಡುವ ಸ್ಪೈರೊಮೆಟ್ರಿ ಪರೀಕ್ಷೆ ಈ ಗೊಂದಲವನ್ನು ಬಹಳಷ್ಟು ಬಿಡಿಸುತ್ತದೆ. ಎದೆಯನ್ನು ಊದಿಸಿ ನೋಡದೆ ವರ್ಷಗಟ್ಟಲೆ ಸೂಜಿ ಚುಚ್ಚುವುದು ಚಿಕಿತ್ಸೆಯಲ್ಲ.

ಭಯದ ಜೊತೆ ನಾಚಿಕೆಯೂ ಇದೆ. ಇಳಕಲ್ಲಿನ ಪರಿಚಿತ ನೇಕಾರ ಮಹಿಳೆಯೊಬ್ಬರು ಪಂಪನ್ನು ಸೆರಗಿನ ಮರೆಯಲ್ಲಿ ಸೇದುತ್ತಾರೆ. ಬಾದಾಮಿಯಲ್ಲಿ ಒಬ್ಬ ತಾಯಿ ಕಾಲೇಜು ಓದುವ ಮಗಳ ಇನ್‌ಹೇಲರನ್ನು ನೆಂಟರ ಕಣ್ಣಿಗೆ ಬೀಳದಂತೆ ಟ್ರಂಕಿನಲ್ಲಿ ಇಡುತ್ತಾರೆ. ‘ಕನ್ಯಾ ನೋಡಾಕ ಬಂದವ್ರು ಕಂಡ್ರ ಏನ್ ಗತಿರೀ?’ ಎಂಬುದು ಅವರ ಪ್ರಶ್ನೆ. ನಡುರಾತ್ರಿ ಉಸಿರು ಕಟ್ಟಿದಾಗ ಆ ಟ್ರಂಕಿನ ಕೀಲಿಗಾಗಿ ಹುಡುಕಾಡುವ ಗತಿ ಬಂದರೆ ಏನು ಎಂಬುದು ನನ್ನ ಪ್ರಶ್ನೆ. ಕನ್ನಡಕ ಹಾಕಿದ ಹುಡುಗಿಯನ್ನು ಒಪ್ಪಲು ಕಲಿತ ಸಮಾಜ ಪಂಪು ಹಿಡಿದ ಹುಡುಗಿಯನ್ನೂ ಒಪ್ಪಲು ಕಲಿಯಬೇಕು. ಗಂಡಿಗೆ ಇದೇ ರೋಗ ಇದ್ದರೆ ಯಾರೂ ಟ್ರಂಕು ಹುಡುಕುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಔಷಧ ಸರಿಯಿದ್ದೂ ವಿಧಾನ ತಪ್ಪಿದರೆ ಫಲವಿಲ್ಲ. ಒತ್ತುವ ಪಂಪನ್ನು ಚೆನ್ನಾಗಿ ಅಲುಗಾಡಿಸಿ, ಉಸಿರನ್ನು ಹೊರಹಾಕಿ, ಒತ್ತುತ್ತಲೇ ನಿಧಾನವಾಗಿ ಆಳವಾಗಿ ಎಳೆದುಕೊಂಡು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಪುಡಿಯ ಕ್ಯಾಪ್ಸೂಲ್ ಹಾಕುವ ಸಾಧನದಲ್ಲಿ ಮಾತ್ರ ರಭಸದಿಂದ ಎಳೆಯಬೇಕು. ಎರಡನ್ನೂ ಅದಲುಬದಲು ಮಾಡಿಕೊಂಡವರು ಬಹಳ. ಮಕ್ಕಳಿಗೆ, ವಯಸ್ಸಾದವರಿಗೆ ಪಂಪಿಗೆ ಜೋಡಿಸುವ ಸ್ಪೇಸರ್ ಅನುಕೂಲ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ರಂಧ್ರ ಮಾಡಿ ಪಂಪು ಕೂಡಿಸಿದ ಮನೆಯ ಸ್ಪೇಸರ್ ಕೂಡ, ತೀವ್ರ ಉಬ್ಬಸದ ಮಕ್ಕಳಿಗೆ ಉಸಿರು ಬಿಡಿಸುವ ಔಷಧ ಕೊಡುವಾಗ ಅಂಗಡಿಯದರಂತೆಯೇ ಕೆಲಸ ಮಾಡಿದ್ದನ್ನು ದಕ್ಷಿಣ ಆಫ್ರಿಕದ ವೈದ್ಯರು 1999ರಲ್ಲೇ ತೋರಿಸಿದ್ದಾರೆ. ಬರೆದುಕೊಡುವ ವೈದ್ಯರು ಐದು ನಿಮಿಷ ತೆಗೆದು ಸೇದಿಸಿ ನೋಡಿದರೆ ಅರ್ಧ ಚಿಕಿತ್ಸೆ ಆದಂತೆ.

ಉಳಿದದ್ದು ಸರ್ಕಾರದ ಪಾಲು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆ ವೆಚ್ಚ ಭರಿಸುತ್ತದೆ. ಉಸಿರು ಕಟ್ಟಿ ದಾಖಲಾದವನಿಗೆ ನೆರವುಂಟು. ದಾಖಲಾಗದಂತೆ ಕಾಯುವ ತಿಂಗಳ ಇನ್‌ಹೇಲರ್‌ಗೆ ಅವನೇ ಜೇಬಿಗೆ ಕೈ ಹಾಕಬೇಕು. ಸ್ಟೀರಾಯ್ಡ್ ಇನ್‌ಹೇಲರ್ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ದರಕ್ಕೆ ಸಿಗುವಂಥವೂ ಇವೆ. ರಕ್ತದೊತ್ತಡ, ಸಕ್ಕರೆಯ ಗುಳಿಗೆಗಳಂತೆ ಇದೂ ಪ್ರಾಥಮಿಕ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಪ್ರತಿ ತಿಂಗಳು ತಪ್ಪದೆ, ಉಚಿತವಾಗಿ ಸಿಗಬೇಕು. ದಿನಗೂಲಿಯ ಕಲ್ಲುಕುಟಿಗನಿಗೂ ಗುಳೆ ಹೋಗಿ ಬರುವ ಕೂಲಿಗೂ ‘ನಿಲ್ಲಿಸದೆ ಸೇದು’ ಎಂದು ಹೇಳುವ ನೈತಿಕ ಹಕ್ಕು ನಮಗೆ ಆಗ ಮಾತ್ರ ಬರುತ್ತದೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ಕಚೇರಿಯಲ್ಲಿ ದಮ್ಮಿನವರಿದ್ದರೆ ‘ಪಂಪು ಬಿಟ್ಟಿಯೋ ಇಲ್ಲೋ’ ಎಂದು ಕೇಳಬೇಡಿ. ‘ಇವತ್ತಿಂದು ತಗೊಂಡಿಯೇನು?’ ಎಂದು ಕೇಳಿ. ನೀಲಿ ಪಂಪು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ, ರಾತ್ರಿ ಕೆಮ್ಮಿ ಏಳುತ್ತಿದ್ದರೆ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಅವರ ಕಪಾಟಿನಲ್ಲಿ ಮುಚ್ಚಳ ತೆರೆಯದ ಪಂಪೊಂದು ಇದ್ದರೆ ಅದನ್ನೂ ಜೊತೆಗೆ ಒಯ್ಯಲು ಹೇಳಿ.