ಬೆಂಡು ಕಟ್ಟಿ, ಕೃಷಿ ಹೊಂಡದ ಶೀಟ್ ಉಳಿಸಿ

ಹೋದ ಬೇಸಿಗೆಯಲ್ಲಿ ನನ್ನ ಕೃಷಿ ಹೊಂಡದ ನೀರು ದಿನದಿನಕ್ಕೂ ಇಳೀತಾ ಬಂತು. ಬಿಸಿಲಿಗೆ ಆರ್ತಿದೆ ಅಂದ್ಕೊಂಡೆ. ತಳ ಕಂಡಾಗಲೇ ಗೊತ್ತಾಗಿದ್ದು, ಪ್ಲಾಸ್ಟಿಕ್ ಶೀಟ್ ಹರಿದಿತ್ತು. ಹರಿದವನು ನಾನೇ! ಸಾರಿಗೆ ಎರಡು ಮೀನು ಬೇಕು ಅಂತ ಗಾಳಕ್ಕೆ ಬರೀ ಸೀಸ ಕಟ್ಟಿ ತಳಕ್ಕೆ ಬಿಟ್ಟಿದ್ದೆ. ಕೊಕ್ಕೆ ಶೀಟಿಗೆ ಸಿಕ್ಕಿತ್ತು, ಮೀನು ಅಂತ ಜಗ್ಗಿದ್ದೆ. ಅಡಿಕೆ ಸಸಿಗೆ ಅಂತ ಕೂಡಿಟ್ಟ ನೀರು ಮಣ್ಣುಪಾಲಾಯ್ತು.

ಆಮೇಲೆ ಹೊಸ ದಾರ ತರೋಕೆ ತುಮಕೂರಿನ ಶಿರಾ ಗೇಟ್‌ಗೆ ಹೋಗಿದ್ದೆ. ಅಂಗಡಿ ಮುಂದೆ ನಿಂತಿದ್ದ ಹಿರಿಯರೊಬ್ಬರು ನನ್ನ ಕಥೆ ಕೇಳಿ, "ಬೆಂಡಿಲ್ಲದೆ ಗಾಳ ಹಾಕಿದೀಯಲ್ಲಪ್ಪ! ಮೀನು ಎಷ್ಟು ಆಳದಲ್ಲಿ ಮೇಯುತ್ತೆ ಅಂತ ನೋಡಬೇಡ್ವಾ?" ಅಂದ್ರು. ಈ ವಾರದ ಪಾಠ ಅದೇ.

ಕೆನಡಾದ ದೊಡ್ಡ ನದಿಗಳಲ್ಲಿ ಸಾಲ್ಮನ್ ಹಿಡಿಯೋ ವಿಡಿಯೋಗಳನ್ನ ನೀವೂ ಮೊಬೈಲಲ್ಲಿ ನೋಡಿರ್ತೀರಿ. ಉದ್ದನೆ ಕೋಲು, ಹರಿವಿನ ಜೊತೆ ತೇಲೋ ಬೆಂಡು, ತಳಕ್ಕಿಂತ ಸ್ವಲ್ಪ ಮೇಲೆ ಸಾಗೋ ಎರೆ. ಅಲ್ಲಿ ಬೆಂಡು ಕೊಕ್ಕೆಯನ್ನ ಕಲ್ಲಿನಿಂದ ಕಾಪಾಡುತ್ತೆ. ನಮ್ಮಲ್ಲಿ ಶೀಟನ್ನ ಕೊಕ್ಕೆಯಿಂದ ಕಾಪಾಡಬೇಕು.

ಮೊದಲು ಆಳ ಅಳೆಯಿರಿ

ಕೊಕ್ಕೆ ಕಟ್ಟೋ ಮುಂಚೆ, ಬೆಂಡನ್ನ ಮುಳುಗಿಸುವಷ್ಟು ಭಾರದ ದುಂಡು ಸೀಸವನ್ನ ದಾರದ ತುದಿಗೆ ಕಟ್ಟಿ ಬಿಡಿ. ಬೆಂಡು ಮುಳುಗಿದರೆ ಅದರ ಕೆಳಗಿನ ದಾರ ಕಮ್ಮಿ, ಅಡ್ಡ ಮಲಗಿದರೆ ಹೆಚ್ಚು. ನೆಟ್ಟಗೆ ನಿಂತು ತುದಿ ಮಾತ್ರ ಕಂಡರೆ ಅದೇ ಆಳ. ಆಮೇಲೆ ಭಾರದ ಸೀಸ ತೆಗೆದು, ಕೊಕ್ಕೆ ಮತ್ತು ಸಣ್ಣ ಸೀಸ ಕಟ್ಟಿ. ಬೆಂಡಿಗೆ ಜೋಳದ ದಂಟಿನ ತಿರುಳು ಸಾಕು.

ಯಾವ ಮೀನಿಗೆ ಎಷ್ಟು ಆಳ?

ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತೆ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. 10 ಅಡಿ ನೀರಿದ್ದರೆ ಕಾಟ್ಲಾಗೆ 2-3 ಅಡಿ, ರೋಹುಗೆ 5 ಅಡಿ ದಾರ ಬಿಡ್ತೀನಿ. ತಳದ ಮೀನಿಗೆ ಶೀಟಿಗಿಂತ ಒಂದು ಅಡಿ ಮೇಲೇ ನಿಲ್ಲಿಸ್ತೀನಿ. ಅದಕ್ಕೂ ಕೆಳಗೆ ಆಸೆ ಬೇಡ.

ಹೊಂಡದ ಬದಿ ಇಳಿಜಾರು, ಅದನ್ನ ಮರೀಬೇಡಿ. ಗಾಳವನ್ನ ದಡಕ್ಕೆ ಎಳೆದು ತಂದರೆ ಕೊಕ್ಕೆ ಅಲ್ಲೇ ಶೀಟಿಗೆ ತಾಗುತ್ತೆ. ಕೋಲನ್ನ ಮೇಲಕ್ಕೆ ಎತ್ತಿ. ಕೊಕ್ಕೆಯ ಹಿಮ್ಮುಳ್ಳನ್ನ ಇಕ್ಕಳದಿಂದ ಒತ್ತಿಬಿಟ್ಟರೆ ಸಣ್ಣ ಮೀನನ್ನ ವಾಪಸ್ ಬಿಡೋದೂ ಸುಲಭ. ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಿಡ್ತಿದ್ದರೆ ಆಮ್ಲಜನಕ ಕಮ್ಮಿಯಾಗಿದೆ ಅಂತ ತಿಳೀರಿ. ಅವತ್ತು ಗಾಳ ಬೇಡ, ಪಂಪ್ ಹಾಕಿ ಅದೇ ನೀರನ್ನ ಮೇಲಿಂದ ಹೊಂಡಕ್ಕೇ ಸುರಿಯಿರಿ.

ಎರೆಗೆ ಎರೆಹುಳು, ಇಲ್ಲವೇ ರಾಗಿ ಹಿಟ್ಟು-ಕಡಲೆಕಾಯಿ ಹಿಂಡಿ ಕಲಸಿದ ಉಂಡೆ. ಭೀಮೇಶ್ವರಿ, ಗಾಲಿಬೋರೆ ಕಡೆ ಕಾವೇರಿಯಲ್ಲಿ ಮಹಶೀರ್‌ಗೆ ಹಿಂದೆ ಹಾಕ್ತಿದ್ದಿದ್ದೂ ರಾಗಿ ಉಂಡೆಯೇ. ಆ ಡುಬ್ಬದ ಮಹಶೀರ್ 2018ರಲ್ಲಿ ಐಯುಸಿಎನ್‌ನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ನಮ್ಮ ಗಾಳ ನಾವೇ ಸಾಕಿದ ಮೀನಿಗಷ್ಟೇ ಇರಲಿ. ಕೆರೆಯಾದರೆ ಮೀನಿನ ಗುತ್ತಿಗೆ ಯಾರದು ಅಂತ ಕೇಳಿ, ಒಪ್ಪಿಗೆ ಪಡೆದೇ ಹಾಕಿ.

ಕೊನೇ ಮಾತು: ಒದ್ದೆ ಶೀಟ್ ಮೇಲೆ ಕಾಲು ನಿಲ್ಲೋದಿಲ್ಲ, ಬಿದ್ದರೆ ಈಜು ಬಂದವರೂ ಹತ್ತೋಕಾಗಲ್ಲ. ದಡದ ಗೂಟಕ್ಕೆ ಹಗ್ಗ ಕಟ್ಟಿ, ಅದರ ತುದಿಗೆ ಗಾಳಿ ತುಂಬಿದ ಹಳೇ ಟ್ಯೂಬ್ ಕಟ್ಟಿ ನೀರಿಗೆ ಬಿಟ್ಟಿರಿ. ಒಬ್ಬರೇ ಹೋಗಬೇಡಿ, ಮಕ್ಕಳನ್ನ ಹತ್ತಿರ ಬಿಡಬೇಡಿ. ಹೊಂಡದ ಸುತ್ತ ಬೇಲಿ ಇರಲಿ.

ಶೀಟಿಗೆ ತೇಪೆ ಹಾಕಿಸಿದೀನಿ. ಈ ಸಲ ನೀರು ನಿಂತಿದೆ, ಸಸಿಗಳೂ ಹಸಿರಾಗಿವೆ.