‘ಎಕ್ಸ್‌ಪೈರ್ಡ್’ ಬೇಡ, ‘ಡೈಡ್’ ಸಾಕು

ಅಜ್ಜಿ ತೀರಿಕೊಂಡರೆಂದು ರಜೆ ಕೇಳುವ ಇಂಗ್ಲಿಷ್ ಅರ್ಜಿಯನ್ನು ನಮ್ಮಲ್ಲಿ ಯಾರೇ ಬರೆಯಲಿ, ಮೊದಲ ಸಾಲಿಗೇ ‘ಎಕ್ಸ್‌ಪೈರ್ಡ್’ ಬಂದು ಕೂರುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಅದನ್ನು ಓದುವವರಿಗೆ ಏನೂ ಅನ್ನಿಸುವುದಿಲ್ಲ. ಅದೇ ಮೇಲ್ ಲಂಡನ್ನಿನ ಮ್ಯಾನೇಜರಿಗೆ ಹೋದರೆ ಅವರ ಕಣ್ಣು ಆ ಪದದ ಮೇಲೆ ನಿಂತುಬಿಡುತ್ತದೆ. ಅವರ ದಿನಬಳಕೆಯಲ್ಲಿ ಎಕ್ಸ್‌ಪೈರ್ ಆಗುವುದು ಪಾಸ್‌ಪೋರ್ಟು, ವಿಮೆ, ಹಾಲಿನ ಪ್ಯಾಕೆಟ್ಟು. ಪದವೇನೂ ತಪ್ಪಲ್ಲ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಉಸಿರು ಹೊರಬಿಡುವುದು ಎಂಬ ಅರ್ಥ. ನಮ್ಮ ‘ಕೊನೆಯುಸಿರೆಳೆದರು’ ಇದ್ದಂತೆಯೇ. ಹಿಂದಿನ ಇಂಗ್ಲಿಷ್ ಬರಹಗಳಲ್ಲಿ ಮನುಷ್ಯರಿಗೂ ಬಳಸಿದ್ದಾರೆ, ಅಮೆರಿಕದ ಆಸ್ಪತ್ರೆ ದಾಖಲೆಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಆದರೆ ಮನೆಯವರ ಸಾವನ್ನು ತಿಳಿಸುವಾಗ ಅಲ್ಲಿನವರು ಆ ಪದವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಾರೆ.

ನಾವು ಅದಕ್ಕೆ ಯಾಕೆ ಅಂಟಿಕೊಂಡೆವು ಎಂಬುದಕ್ಕೆ ಕಾರಣ ಕನ್ನಡದಲ್ಲೇ ಇದೆ ಎಂದು ನನಗನ್ನಿಸುತ್ತದೆ. ಮನೆಯ ಹಿರಿಯರ ಬಗ್ಗೆ ‘ಸತ್ತರು’ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಬಹುವಚನ ಹಚ್ಚಿದರೂ ಅದರ ಒರಟುತನ ಹೋಗುವುದಿಲ್ಲ. ಅದಕ್ಕೇ ಅಜ್ಜಿ ತೀರಿಕೊಳ್ಳುತ್ತಾರೆ, ಮೇಷ್ಟರು ಕಾಲವಾಗುತ್ತಾರೆ, ಸಾಹಿತಿಗಳು ನಿಧನರಾಗುತ್ತಾರೆ, ಮಠದ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ಯೋಧರು ಹುತಾತ್ಮರಾಗುತ್ತಾರೆ. ಹೋದವರು ಯಾರು, ಅವರ ಮೇಲೆ ನಮಗೆಷ್ಟು ಗೌರವ ಎಂಬುದನ್ನೆಲ್ಲ ಕ್ರಿಯಾಪದವೇ ಹೊರುತ್ತದೆ. ಹೀಗೆ ಬೆಳೆದ ಕಿವಿಗೆ ‘ಡೈಡ್’ ಎಂದರೆ ‘ಸತ್ತ’ ಎಂದೇ ಕೇಳಿಸುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ‘ಎಕ್ಸ್‌ಪೈರ್ಡ್’ ಹಿಡಿಯುತ್ತೇವೆ.

ಇಂಗ್ಲಿಷಿನ ‘ಡೈ’ಗೆ ಆ ಒರಟುತನ ಇಲ್ಲ. ಇರುವೆಗೂ ಅದೇ, ರಾಣಿಗೂ ಅದೇ. 2022ರ ಸೆಪ್ಟೆಂಬರ್ 8ರಂದು ಎರಡನೇ ಎಲಿಜಬೆತ್ ತೀರಿಕೊಂಡಾಗ ಬಕಿಂಗ್‌ಹ್ಯಾಮ್ ಅರಮನೆ ಹೊರಡಿಸಿದ ಪ್ರಕಟಣೆಯಲ್ಲಿದ್ದ ಕ್ರಿಯಾಪದ ‘ಡೈಡ್’. ಎಪ್ಪತ್ತು ವರ್ಷ ಆಳಿದ ರಾಣಿಗೆ ಅವರ ಅರಮನೆಯವರೇ ಬಳಸಿದ ಪದ ನಮ್ಮ ಅಜ್ಜಿಗೆ ಅಗೌರವವಾಗುವುದಿಲ್ಲ. ಇಂಗ್ಲಿಷಿನಲ್ಲಿ ಗೌರವ ಆಚೀಚಿನ ಮಾತುಗಳಲ್ಲಿರುತ್ತದೆ: ಶಾಂತವಾಗಿ ಹೋದರು ಎನ್ನುವ ‘ಪೀಸ್‌ಫುಲಿ’ಯಲ್ಲಿ, ‘ಮೈ ಗ್ರಾಂಡ್‌ಮದರ್, ಹೂ ಬ್ರಾಟ್ ಮಿ ಅಪ್’ ಎಂಬ ಚಿಕ್ಕ ಪರಿಚಯದಲ್ಲಿ.

ಇನ್ನೂ ಮೆತ್ತಗೆ ಹೇಳಬೇಕೆನಿಸಿದರೆ ‘ಪಾಸ್ಡ್ ಅವೇ’ ಇದೆ. ನಮ್ಮ ‘ತೀರಿಕೊಂಡರು’ ಎಂಬುದಕ್ಕೆ ಅದೇ ಹತ್ತಿರ. ಸಂತಾಪದ ಪತ್ರ, ಬಂಧುಗಳಿಗೆ ಕಳಿಸುವ ಸಂದೇಶ, ರಜಾ ಅರ್ಜಿ ಎಲ್ಲಕ್ಕೂ ಸರಿಹೊಂದುತ್ತದೆ. ಅಮೆರಿಕದಲ್ಲಿ ‘ಅವೇ’ ಬಿಟ್ಟು ಬರೀ ‘ಪಾಸ್ಡ್’ ಎನ್ನುವುದೂ ವಾಡಿಕೆ. ಸುದ್ದಿ ಬರೆಯುವವರಿಗೆ ಮಾತ್ರ ಇದು ಬೇಡ. ಅಸೋಸಿಯೇಟೆಡ್ ಪ್ರೆಸ್‌ನಂಥ ಸುದ್ದಿಸಂಸ್ಥೆಗಳ ಶೈಲಿ ಕೈಪಿಡಿಗಳು ನೇರವಾಗಿ ‘ಡೈಡ್’ ಎಂದೇ ಬರೆಯಿರಿ ಎನ್ನುತ್ತವೆ. ವೈದ್ಯರಿಗೂ ಹಾಗೆಯೇ ಕಲಿಸುತ್ತಾರೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುತ್ತಿರುವ ಮನೆಯವರಿಗೆ ‘ವಿ ಲಾಸ್ಟ್ ಹಿಮ್’, ‘ಹೀ ಈಸ್ ಗಾನ್’ ಎಂದರೆ ಗಾಬರಿಯಲ್ಲಿ ಅರ್ಥವೇ ಆಗದೆ ಹೋಗಬಹುದು, ಬೇರೆ ಆಸ್ಪತ್ರೆಗೆ ಕಳಿಸಿದರೇನೋ ಎಂದುಕೊಳ್ಳಬಹುದು. ಮಕ್ಕಳಿಗೂ ‘ನಿದ್ದೆ ಹೋದರು’ ಎನ್ನಬಾರದು. ಆಮೇಲೆ ಮಗು ಮಲಗಲು ಹೆದರಬಹುದು.

‘ಸ್ಯಾಡ್ ಡಿಮೈಸ್’ ನಮ್ಮ ಪತ್ರಿಕೆಗಳ ಇನ್ನೊಂದು ಪ್ರೀತಿಯ ಮಾತು. ‘ಡಿಮೈಸ್’ ಹುಟ್ಟಿದ್ದು ಕಾನೂನಿನಲ್ಲಿ. ಆಸ್ತಿಯನ್ನು ಗೇಣಿಗೋ ಉಯಿಲಿನ ಮೂಲಕವೋ ಒಬ್ಬರಿಂದ ಇನ್ನೊಬ್ಬರಿಗೆ ವಹಿಸುವುದು ಅದರ ಹಳೆಯ ಅರ್ಥ. ಅಂಗಡಿ ಮಳಿಗೆಯ ಲೀಸ್ ಡೀಡ್ ತೆಗೆದು ನೋಡಿ, ‘ಡಿಮೈಸ್ಡ್ ಪ್ರಿಮೈಸಸ್’ ಎಂದಿರುತ್ತದೆ. ಅಲ್ಲಿ ಯಾರೂ ಸತ್ತಿಲ್ಲ, ಬಾಡಿಗೆಗೆ ಕೊಟ್ಟ ಜಾಗ ಎಂದಷ್ಟೇ. ರಾಜರು ತೀರಿದಾಗ ಕಿರೀಟ ಉತ್ತರಾಧಿಕಾರಿಗೆ ಹೋಗುವುದಕ್ಕೆ ಬ್ರಿಟಿಷ್ ಕಾನೂನು ‘ಡಿಮೈಸ್ ಆಫ್ ದಿ ಕ್ರೌನ್’ ಎನ್ನುತ್ತದೆ. ಸಾವಿನ ಅರ್ಥ ಪದಕ್ಕೆ ಬಂದದ್ದು ಹೀಗೆ. ಇಂದಿನ ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ಮುಚ್ಚಿಹೋದ ಪತ್ರಿಕೆ, ಬಿದ್ದ ಸರ್ಕಾರ, ಕಣ್ಮರೆಯಾದ ಉದ್ಯಮಗಳಿಗೆ ಬಳಕೆಯಾಗುತ್ತದೆ. ವ್ಯಕ್ತಿಗೆ ‘ಡೆತ್’ ಎಂದೇ ಬರೆಯುವುದು ಒಳ್ಳೆಯದು.

‘ಡಿಸೀಸ್ಡ್’ ಅರ್ಜಿ, ಬ್ಯಾಂಕು, ಕೋರ್ಟುಗಳ ಪದ. ಸಾವನ್ನು 21 ದಿನದೊಳಗೆ ನೋಂದಾಯಿಸಿ ಮರಣ ಪ್ರಮಾಣಪತ್ರ ಪಡೆಯುವಾಗ, ಆ ಪತ್ರ ಹಿಡಿದು ಖಾತೆ ಇತ್ಯರ್ಥಕ್ಕೆ ಓಡಾಡುವಾಗ ಪ್ರತಿ ಹಾಳೆಯಲ್ಲೂ ಎದುರಾಗುತ್ತದೆ. ಅದನ್ನು ಕೊನೆಗೆ ‘ಸ್ಟ್’ ಬರುವಂತೆ ಉಚ್ಚರಿಸಬೇಕು. ಸ್ಪೆಲಿಂಗ್ ಎಡವಿದರೆ ‘ರೋಗಪೀಡಿತ’ ಎಂಬ ಅರ್ಥದ ‘ಡಿಸೀಜ್ಡ್’ ಆಗಿಬಿಡುತ್ತದೆ. ಸ್ಪೆಲ್‌ಚೆಕ್ ಇದನ್ನು ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ. ಸಂತಾಪ ಸೂಚಿಸುವಾಗ ಮಾತ್ರ ಇದನ್ನು ಬಳಸಬೇಡಿ. ‘ಯುವರ್ ಡಿಸೀಸ್ಡ್ ಫಾದರ್’ ಎಂದರೆ ಗುಮಾಸ್ತರ ಮಾತಿನಂತಿರುತ್ತದೆ. ‘ಯುವರ್ ಫಾದರ್’ ಎಂದರೆ ಸಾಕು.

‘ಲೇಟ್’ ಹೆಸರಿಗಿಂತ ಮೊದಲು ಬರುವ ಪದ. ‘ಮೈ ಲೇಟ್ ಫಾದರ್’ ಸರಿ. ‘ಮೈ ಫಾದರ್ ಈಸ್ ಲೇಟ್’ ಎಂದರೆ ಅಪ್ಪ ಇನ್ನೂ ಬಂದಿಲ್ಲ ಎಂದಾಗುತ್ತದೆ. ‘ದಿ ಲೇಟ್’ ಎಂದು ಶುರುಮಾಡಿ ‘ಡೈಡ್ ಯೆಸ್ಟರ್‌ಡೇ’ ಎಂದು ಮುಗಿಸಿದರೆ ದಿವಂಗತರು ಇನ್ನೊಮ್ಮೆ ತೀರಿಕೊಂಡಂತೆ. ಶತಮಾನಗಳ ಹಿಂದಿನವರಿಗೂ ಅದು ಬೇಡ, ಶೇಕ್ಸ್‌ಪಿಯರನನ್ನು ಯಾರೂ ‘ಲೇಟ್’ ಎನ್ನುವುದಿಲ್ಲ.

ಈಗ ವ್ಯಾಕರಣ. ನಾವು ಹೆಚ್ಚು ಎಡವುವುದು ಕಾಲದಲ್ಲಿ. ‘ಅಪ್ಪ ಎರಡು ವರ್ಷದ ಹಿಂದೆ ತೀರಿಕೊಂಡರು’ ಎಂಬುದನ್ನು ‘ಎಕ್ಸ್‌ಪೈರ್ಡ್ ಬಿಫೋರ್ ಟೂ ಇಯರ್ಸ್’ ಎಂದುಬಿಡುತ್ತೇವೆ. ‘ಡೈಡ್ ಟೂ ಇಯರ್ಸ್ ಅಗೋ’ ಆಗಬೇಕು. ‘ಅಗೋ’ ಬಂದಲ್ಲಿ ‘ಹ್ಯಾಸ್ ಡೈಡ್’ ಬರಕೂಡದು. ‘ಹ್ಯಾಸ್ ಡೈಡ್’ ಇರುವುದು ಈಗಷ್ಟೇ ಬಂದ ಸುದ್ದಿಗೆ. ‘ಈಸ್ ಡೈಡ್’ ಎಂಬುದಂತೂ ಇಲ್ಲವೇ ಇಲ್ಲ. ಕಾಯಿಲೆಯಿಂದಾದರೆ ‘ಡೈಡ್ ಆಫ್’, ಗಾಯಗಳಿಂದಾದರೆ ‘ಡೈಡ್ ಫ್ರಮ್’, ಅಪಘಾತದಲ್ಲಾದರೆ ‘ಡೈಡ್ ಇನ್’. ಅಪಘಾತಕ್ಕೆ ‘ವಾಸ್ ಕಿಲ್ಡ್’ ಎಂದೂ ಬಳಸುತ್ತಾರೆ. ಇದನ್ನು ಓದಿ ಕೊಲೆಯಾಯಿತೇ ಎಂದು ಬೆಚ್ಚುವವರನ್ನು ನೋಡಿದ್ದೇನೆ. ಬಸ್ಸು, ಸಿಡಿಲು, ಭೂಕಂಪ ಯಾವುದರಿಂದ ಜೀವ ಹೋದರೂ ‘ಕಿಲ್ಡ್’ ಎನ್ನಬಹುದು. ಬೇಕೆಂದೇ ಕೊಂದದ್ದು ‘ಮರ್ಡರ್ಡ್’. ‘ಡ್ರೌನ್ಡ್’ ಎಂದ ಮೇಲೆ ‘ಅಂಡ್ ಡೈಡ್’ ಸೇರಿಸಬೇಕಿಲ್ಲ, ನೀರಲ್ಲಿ ಮುಳುಗಿ ಸತ್ತರು ಎಂಬುದು ಆ ಒಂದೇ ಪದದಲ್ಲಿದೆ.

ಆತ್ಮಹತ್ಯೆಯ ಸುದ್ದಿಗೆ ‘ಕಮಿಟೆಡ್’ ಬಿಟ್ಟು ‘ಡೈಡ್ ಬೈ ಸೂಯಿಸೈಡ್’ ಎನ್ನುವುದು ಈಗಿನ ಕ್ರಮ. ‘ಕಮಿಟ್’ ಅಪರಾಧ ಎಸಗುವುದಕ್ಕೆ ಹೇಳುವ ಮಾತು. ಇಂಗ್ಲೆಂಡಿನಲ್ಲಿ 1961ರವರೆಗೆ ಆತ್ಮಹತ್ಯೆ ಅಪರಾಧವೇ ಆಗಿತ್ತು. ಉಳಿದ ಕುಟುಂಬದ ನೋವಿನ ಮೇಲೆ ನಮ್ಮ ಒಂದು ಕ್ರಿಯಾಪದ ಕಳಂಕ ಹೊರಿಸಬಾರದು. ಇಷ್ಟು ಎಚ್ಚರ ಎಲ್ಲರಿಂದಲೂ ಆಗುವಂಥದ್ದೇ.

ಹೊರಡುವ ಮಾತಿಗೆ ಬಂದರೆ, ಸಾವಿನ ನೆರಳು ನಮ್ಮಲ್ಲಿ ಅದರ ಮೇಲೂ ಇದೆ. ಹೊಸಿಲು ದಾಟುವಾಗ ‘ಹೋಗ್ತೀನಿ’ ಎಂದರೆ ಹಿರಿಯರು ತಿದ್ದುತ್ತಾರೆ, ‘ಹಾಗನ್ನಬೇಡಪ್ಪ, ಬರ್ತೀನಿ ಅನ್ನು’ ಎಂದು. ಆ ‘ಬರ್ತೀನಿ’ಯನ್ನು ಹಾಗೇ ‘ಐ ವಿಲ್ ಕಮ್’ ಮಾಡಿದರೆ ಇಂಗ್ಲಿಷಿನವರು ನೀವು ಯಾವಾಗ ಬರುತ್ತೀರಿ ಎಂದು ಕೇಳುತ್ತಾರೆ. ‘ಐ ಆಮ್ ಲೀವಿಂಗ್’ ಎನ್ನಿ, ಅದರಲ್ಲಿ ಅಪಶಕುನವಿಲ್ಲ. ಮನಸ್ಸು ಒಪ್ಪದಿದ್ದರೆ ‘ಸೀ ಯೂ’ ಎನ್ನಿ, ಮತ್ತೆ ಸಿಗುವ ಆಸೆ ಅದರಲ್ಲೂ ಇದೆ. ‘ಲೆಫ್ಟ್ ಮೈಸೂರು’ ಎಂದರೆ ಮೈಸೂರಿನಿಂದ ಹೊರಟದ್ದು, ‘ಲೆಫ್ಟ್ ಫಾರ್ ಮೈಸೂರು’ ಎಂದರೆ ಮೈಸೂರಿಗೆ ಹೊರಟದ್ದು. ಒಂದು ‘ಫಾರ್’ ಬಿಟ್ಟರೆ ದಿಕ್ಕೇ ತಿರುಗುತ್ತದೆ. ‘ಡಿಪಾರ್ಟ್’ ರೈಲು, ವಿಮಾನಗಳಿಗಿರಲಿ. ‘ದಿ ಡಿಪಾರ್ಟೆಡ್’ ಎಂದರೆ ಮೃತರು. ಕಾಲೇಜು ಮುಗಿಸಿದ್ದಕ್ಕೆ ನಾವನ್ನುವ ‘ಪಾಸ್ಡ್ ಔಟ್’ ಹೊರದೇಶಗಳಲ್ಲಿ ಹೆಚ್ಚಾಗಿ ಮೂರ್ಛೆ ಹೋದದ್ದಕ್ಕೆ, ಅಲ್ಲಿಗೆ ‘ಗ್ರ್ಯಾಜುಯೇಟೆಡ್’ ಬೇಕು.

ಕೊನೆಯದು ಕಚೇರಿಯವರಿಗೆ. ಸಹೋದ್ಯೋಗಿ ಕೆಲಸ ಬಿಟ್ಟದ್ದನ್ನು ಗ್ರಾಹಕರಿಗೆ ತಿಳಿಸುವಾಗ ‘ನೋ ಮೋರ್ ವಿತ್ ಅಸ್’, ‘ನೋ ಲಾಂಗರ್ ವಿತ್ ಅಸ್’ ಎಂದು ಬರೆಯುವವರಿದ್ದಾರೆ. ಎರಡನೆಯದು ಇಂಗ್ಲಿಷಿನಲ್ಲಿ ತೀರಿಕೊಂಡವರಿಗೂ ಹೇಳುವ ಮಾತು. ‘ಹ್ಯಾಸ್ ಲೆಫ್ಟ್ ದಿ ಕಂಪನಿ’ ಎಂದು ಬರೆಯಿರಿ, ಕೊನೆಯ ಕೆಲಸದ ದಿನ ಯಾವುದು, ಇನ್ನು ಮುಂದೆ ಯಾರನ್ನು ಸಂಪರ್ಕಿಸಬೇಕು ಎಂಬುದನ್ನೂ ಅದೇ ಮೇಲ್‌ನಲ್ಲಿ ಸೇರಿಸಿ.